ಹೊಸಹಳ್ಳಿ ತಿರುವಿನಲ್ಲಿ ಹೊಸ ಟೈರು

ಕೂಡ್ಲಿಗಿಯಲ್ಲಿ ಟೈರಿನ ವಿಷಯಕ್ಕೆ ಸಲಹೆ ಕೊಡದ ಗಂಡಸು ಇನ್ನೂ ಹುಟ್ಟಿಲ್ಲ. ಮನೆಯಲ್ಲಿ ಸೈಕಲ್ಲು ಕೂಡ ಇಲ್ಲದವನು ಚಹ ಹೀರುತ್ತ ನಿಂತು ಲಾರಿ ಟೈರಿನ ಮೇಲೆ ಭಾಷಣ ಬಿಗಿಯುತ್ತಾನೆ. ಆ ಮಂಗಳವಾರ ಬೆಳಿಗ್ಗೆ ಸೌಭಾಗ್ಯ ತನ್ನ ದೊಡ್ಡ ಬೈಕನ್ನು ಹೆದ್ದಾರಿ ಪಕ್ಕದ ರಾಜಾಸಾಬರ ಟೈರಂಗಡಿ ಮುಂದೆ ನಿಲ್ಲಿಸಿ, "ಎರಡೂ ಟೈರು ಹೊಸಾವು ಹಾಕ್ಬೇಕು" ಅಂದದ್ದೇ ತಡ, ಪಕ್ಕದ ಚಹದಂಗಡಿಯಿಂದ ನಾಲ್ಕು ಜನ ಗ್ಲಾಸು ಹಿಡಿದುಕೊಂಡೇ ಎದ್ದು ಬಂದರು.

ಎಲ್ಲರಿಗಿಂತ ಮುಂದೆ ಇದ್ದವನು ಚಹದಂಗಡಿಯ ಯಜಮಾನ ಹುಲುಗಣ್ಣ. "ಗಟ್ಟಿ ಟೈರು ಹಾಕಿಸ್ರಿ ಮೇಡಂ, ಕಲ್ಲಿನಂಥಾದ್ದು. ಐದು ವರ್ಷ ಅಲ್ಲಾಡಂಗಿಲ್ಲ" ಅಂದ. ಇನ್ನೊಬ್ಬ, ಹೊಲದೊಳಗೂ ನುಗ್ಗುವಂಥ ದಪ್ಪ ಕಚ್ಚಿನ ಟೈರೇ ಆಗಬೇಕು ಅಂದ. ಮತ್ತೊಬ್ಬ, ಹಿಂದಿನದೊಂದು ಬದಲಿಸಿದರೆ ಸಾಕು, ಮುಂದಿನದು ಇನ್ನೂ ಒಂದು ದೀಪಾವಳಿ ಕಾಣುತ್ತದೆ ಅಂದ. ನಾಲ್ಕನೆಯವನಿಗೆ ಹೇಳಲು ಏನೂ ಉಳಿಯದೆ, ಹೆಣ್ಣುಮಕ್ಕಳಿಗೆ ಸ್ಕೂಟಿನೇ ಚೆಂದ ಅಂದ.

ಒಳಗಿನಿಂದ ರಾಜಾಸಾಬರ ಮಗಳು ತಮನ್ನಾ ಬಂದಳು. ಇಪ್ಪತ್ತಾರು ವರ್ಷ, ದುಪಟ್ಟಾ ಸೊಂಟಕ್ಕೆ ಬಿಗಿದಿತ್ತು, ಮೊಣಕೈವರೆಗೆ ಕರಿ ಮೆತ್ತಿತ್ತು. ನಾಲ್ಕು ವರ್ಷದ ಹಿಂದೆ ಲಾರಿ ಟೈರೊಂದು ಗಾಳಿ ತುಂಬುವಾಗ ಸಿಡಿದು ರಾಜಾಸಾಬರ ಸೊಂಟ ಹೋದಾಗಿನಿಂದ ಅಂಗಡಿಯ ಭಾರದ ಕೆಲಸವೆಲ್ಲ ಅವಳದೇ. ಲಾರಿ, ಟ್ರ್ಯಾಕ್ಟರಿನ ಕೆಲಸ ಅಪ್ಪ ಕಲಿಸಿದ್ದು. ಬೈಕಿನ ಟೈರು ಮಾತ್ರ ತಾನೇ ಕಲಿತದ್ದು. ಕಂಪನಿಯವರ ಪುಸ್ತಕ ಓದಿದ್ದಳು, ಮೊಬೈಲಿನಲ್ಲಿ ನೋಡಿದ್ದಳು, ಹದಿನೈದು ದಿನ ಹೊಸಪೇಟೆಗೆ ಬಸ್ಸಿನಲ್ಲಿ ಓಡಾಡಿ ತರಬೇತಿ ಪಡೆದಿದ್ದಳು. ಆ ಕಲಿಕೆಯ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡುವಷ್ಟು ಕಲಿತಿದ್ದಳು.

"ನೀವೆಲ್ಲ ಚಾ ಕುಡೀರಿ, ಆರಿ ಹೊಕ್ಕತಿ" ಅಂತ ಗಂಡಸರನ್ನು ಅತ್ತ ಸರಿಸಿ ಅವಳು ಬೈಕಿನ ಹಿಂದೆ ಕುಕ್ಕರಗಾಲಲ್ಲಿ ಕೂತಳು. "ಅಕ್ಕಾ, ಮೊದ್ಲು ಹೇಳು. ವಾರದಾಗ ಎಲ್ಲೆಲ್ಲಿ ಅಡ್ಡಾಡ್ತಿ?"

ಸೌಭಾಗ್ಯ ದನ-ಕುರಿಗಳ ಔಷಧಿ ಮಾರುವ ಕಂಪನಿಯೊಂದರ ಪ್ರತಿನಿಧಿ. ಮನೆ ಹೊಸಹಳ್ಳಿಯಲ್ಲಿ. ಸೋಮವಾರ ಕೊಟ್ಟೂರು, ಮಂಗಳವಾರ ಕೂಡ್ಲಿಗಿ, ಆಮೇಲೆ ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಗಂಡ ಕೊಟ್ರಸ್ವಾಮಿ ಹರಪನಹಳ್ಳಿ ಕಡೆ ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯಲ್ಲಿದ್ದು ವಾರಕ್ಕೊಮ್ಮೆ ಮನೆಗೆ ಬರುವವನು. ಮನೆಯಲ್ಲಿ ಅವಳು ಮತ್ತು ಅತ್ತೆ ಇಬ್ಬರೇ. ಆರುನೂರೈವತ್ತು ಸಿಸಿಯ ಆ ಬೈಕನ್ನು ಅವಳು ಸೆಕೆಂಡ್ ಹ್ಯಾಂಡಿನಲ್ಲಿ, ಸ್ವಂತ ದುಡಿಮೆಯಲ್ಲಿ ಕೊಂಡಿದ್ದಳು.

"ಹಿಂದ ಔಷಧಿ ಪೆಟ್ಟಿಗಿ ಇರ್ತೈತಿ, ಇಪ್ಪತ್ತು ಕೆ.ಜಿ. ರಸ್ತಿ ಎಲ್ಲಾ ನೆಟ್ಟಗ. ಆದ್ರ ವರ್ಷಕ್ಕೆರಡು ಸಲ ರಜಾ ಹಾಕಿ ಘಟ್ಟ ಹತ್ತಬೇಕು ನಾನು, ಅದೂ ಮಳಿಯಾಗ. ಇಲ್ಲಾಂದ್ರ ಉಸಿರು ಕಟ್ಟಿದಂಗ ಆಗ್ತೈತಿ" ಅಂದಳು ಸೌಭಾಗ್ಯ.

ತಮನ್ನಾ ಹಳೆಯ ಟೈರಿನ ಮೇಲೆ ಅಂಗೈಯನ್ನು ಈ ಅಂಚಿನಿಂದ ಆ ಅಂಚಿಗೆ ಎಳೆದಳು. "ನೋಡಿಲ್ಲಿ. ನಡುವ ರೊಟ್ಟಿ ಹಂಚಿನಂಗ ಸಪಾಟ ಆಗೈತಿ. ನಮ್ಮ ನೆಟ್ಟನ ರಸ್ತಿ ನಡುವಿನದಷ್ಟಾ ತಿಂದೈತಿ, ಅಂಚು ಹಂಗಾ ಉಳದೈತಿ. ತಿರುವು ಬಂದಾಗ ಗಾಡಿ ಒಮ್ಮಿಗೇ ದೊಪ್ಪಂತ ವಾಲ್ತಿರಬೇಕಲ್ಲ?"

"ಹೌದ್ ನೋಡು! ನನಗಾ ಹೊಡಿಯಾಕ ಬರವಲ್ದು ಅನ್ಕೊಂಡಿದ್ದೆ."

"ನಿಂಗ ಬರ್ತೈತಿ. ಟೈರಿಗೆ ಬರವಲ್ದು."

ತಮನ್ನಾ ಒಳಗೆ ಹೋಗಿ ಎರಡು ಜೊತೆ ಹೊರಳಿಸಿಕೊಂಡು ಬಂದಳು. ಮೊದಲನೆಯದನ್ನು ತೋರಿಸಿ ಹೇಳಿದಳು: "ಇದು ರೇಸಿನ ಜಾತಿದು. ತಿರುವಿನ್ಯಾಗ ರಸ್ತಿ ಕಚ್ಚಿ ಹಿಡಿತೈತಿ, ಖರೆ. ಆದ್ರ ನಮ್ಮ ಬಿಸಲಿಗೆ, ನಿನ್ನ ಪೆಟ್ಟಿಗಿ ಭಾರಕ್ಕ, ಆರು ತಿಂಗಳಿಗೆ ಬೋಳಾಗ್ತೈತಿ. ಹುಲುಗಣ್ಣ ಹೇಳೋ ಕಲ್ಲಿನ ಟೈರು ಐದು ವರ್ಷ ಬರ್ತೈತಿ. ಮಳಿಯಾಗ ನೀ ಬರ್ತೀಯೋ ಇಲ್ಲೋ, ಅದು ಬ್ಯಾರೆ ಮಾತು." ಹುಲುಗಣ್ಣ ಮುಖ ಗಂಟಿಕ್ಕಿಕೊಂಡು ಗ್ಲಾಸಿನ ತಳ ನೋಡಿದ.

"ಇದು ನಿಂದು" ಅಂತ ಅವಳು ಎರಡನೆಯದನ್ನು ಮುಂದೆ ತಂದಳು. "ಸ್ಪೋರ್ಟ್ ಟೂರಿಂಗ್ ಅಂತಾರ. ನಡುವಿನ ರಬ್ಬರು ಗಟ್ಟಿ, ಕೊಟ್ಟೂರು ರಸ್ತಿಗೆ ಬಾಳಿಕಿ ಬರ್ತೈತಿ. ಅಂಚಿನ ರಬ್ಬರು ಮೆತ್ತಗ, ಘಟ್ಟದಾಗ ವಾಲಿದಾಗ ಹಿಡಿತೈತಿ. ಈ ಗೆರಿ ಕೊರದಾವ ನೋಡು, ಮಳಿ ನೀರು ಇವುರಾಗ ಹಾದು ಹೊರಗ ಹೊಕ್ಕತಿ. ಮುಂದ ಹಿಂದ ಎರಡೂ ಒಂದಾ ಕಂಪನಿವು, ಒಂದಾ ಜೊತಿ. ಜೋಡೆತ್ತಿನ್ಯಾಗ ಒಂದು ಹೋರಿ ಒಂದು ಮುದಿ ಎತ್ತು ಕಟ್ಟಿದ್ರ ನೇಗಿಲು ನೆಟ್ಟಗ ಹೊಕ್ಕತೇನು?" ಬದಿಯಲ್ಲಿ ಒತ್ತಿದ್ದ ನಾಲ್ಕಂಕಿಯ ಮೇಲೆ ಬೆರಳಿಟ್ಟು, ಟೈರು ಯಾವ ವರ್ಷದ ಎಷ್ಟನೇ ವಾರದಲ್ಲಿ ತಯಾರಾದದ್ದು ಎಂದು ಓದಿ ಹೇಳಿದಳು. ಹೊಸದು; ಗೋದಾಮಿನಲ್ಲಿ ಕೂತು ಒಣಗಿದ್ದಲ್ಲ.

ಎರಡು ತಾಸಿನಲ್ಲಿ ಟೈರು ಕೂತವು. ಓಡುವ ದಿಕ್ಕಿನ ಬಾಣ ನೋಡಿ ಕೂಡಿಸಿದಳು, ಗಾಲಿ ತಿರುಗಿಸಿ ತೂಕ ಸರಿ ಮಾಡಿದಳು, ಗಾಳಿ ಅಳೆದಳು. ಕೊನೆಗೆ, "ಮೊದ್ಲನೇ ನೂರೈವತ್ತು ಕಿಲೋಮೀಟರು ಹೊಸ ಸೊಸಿ ನಡದಂಗ ನಡೀಬೇಕಕ್ಕ. ಮೈಮ್ಯಾಲಿನ ಹೊಳಪು ಹೋಗೋತನಕ ಜಾಸ್ತಿ ವಾಲಿಸಬ್ಯಾಡ" ಅಂದಳು.

"ಹೊಸ ಸೊಸಿ ಇದ್ದಾಗ್ಲೂ ನಾ ಹಂಗ ನಡದಿಲ್ಲ. ನಮ್ಮತ್ತಿನ್ನ ಕೇಳು" ಅಂತ ನಗುತ್ತ ಸೌಭಾಗ್ಯ ಹೊರಟುಹೋದಳು.

ರಾಜಾಸಾಬರು ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ, "ನಿನ್ನ ಮಗಳು ಡಾಕ್ಟರಂಗ ವಿಚಾರ್ಸಿ ಟೈರು ಹಾಕ್ತಾಳ ಕಣೆ" ಅಂದರು. ತಮನ್ನಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮರುದಿನ ಬುಧವಾರ ಅಮಾವಾಸ್ಯೆ. ಬೆಳಿಗ್ಗೆ ಎಂಟೂವರೆಗೆ ಸೌಭಾಗ್ಯ ಬಿದ್ದಳು.

ಬಿದ್ದದ್ದು ಹೊಸಹಳ್ಳಿ ಊರು ಬಿಡುವ ತಿರುವಿನಲ್ಲಿ. ಮಳೆ ಇಲ್ಲ, ಎದುರು ಗಾಡಿ ಇಲ್ಲ, ಅಡ್ಡ ನಾಯಿ ಇಲ್ಲ, ರಸ್ತೆಯ ಮೇಲೆ ಒಣಹಾಕಿದ ಮೆಕ್ಕೆಜೋಳವೂ ಇಲ್ಲ. ಸೈಕಲ್ಲಿನ ವೇಗದಲ್ಲಿ ಹೋಗುತ್ತಿದ್ದವಳು ತಿರುವಿಗೆ ಸ್ವಲ್ಪ ವಾಲಿದ್ದಷ್ಟೇ, ಗಾಡಿ ಕೆಳಗಿನಿಂದ ಜಾರಿಹೋಯಿತು. ಪುಣ್ಯಕ್ಕೆ ಮುಂಗೈ ಉಳುಕಿ, ಮೊಣಕಾಲು ತರಚಿ ಅಷ್ಟಕ್ಕೇ ಹೋಯಿತು. ಓಣಿಯವರು ಬೈಕನ್ನು ತಳ್ಳಿಕೊಂಡು ಹೋಗಿ ಮನೆ ಮುಂದಿನ ತಗಡಿನ ಚಪ್ಪರದಲ್ಲಿ ನಿಲ್ಲಿಸಿದರು.

ಸುದ್ದಿ ಕೂಡ್ಲಿಗಿಗೆ ಬಸ್ಸಿಗಿಂತ ಮೊದಲು ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಮಧ್ಯಾಹ್ನದ ಹೊತ್ತಿಗೆ ಸೌಭಾಗ್ಯಳ ಕಾಲು ಮುರಿದಿತ್ತು, ಸಂಜೆಗೆ ಅವಳು ದಾವಣಗೆರೆ ಆಸ್ಪತ್ರೆ ಸೇರಿದ್ದಳು. ಹುಲುಗಣ್ಣನಂತೂ ಚಹ ಸೋಸುತ್ತ, "ನಾ ಹೇಳಿದ್ದೆ. ಗಟ್ಟಿ ಟೈರು ಬಿಟ್ಟು ಏನೇನೋ ಹಾಕಿದ್ಳು. ಹೆಣ್ಣುಹುಡುಗಿ ಹಾಕಿದ ಟೈರು ಹಿಂಗಾ ಆಗೋದು" ಅಂತ ಬಂದವರಿಗೆಲ್ಲ ಹೇಳಿದ. ತಮನ್ನಾ ಎಂಟು ಸಲ ಸೌಭಾಗ್ಯಳಿಗೆ ಫೋನು ಮಾಡಿದಳು. ಒಂಬತ್ತನೇ ಸಲ ಸೌಭಾಗ್ಯ ಎತ್ತಿ, "ನಂಗೇನಾಗಿಲ್ಲ. ಆದ್ರ ಯಾಕ ಜಾರಿತು ಅಂತ ತಿಳೀವಲ್ದು ತಮನ್ನಾ" ಅಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅದೇ ತಮನ್ನಾಳನ್ನು ಹೆಚ್ಚು ಸುಟ್ಟಿತು.

ಗುರುವಾರ ಎರಡು ಬೈಕುಗಳು ಅಂಗಡಿಯ ಮುಂದೆ ನಿಧಾನ ಮಾಡಿ, ಅವಳನ್ನು ನೋಡಿ, ಮುಂದೆ ಹೋದವು. ಅವು ಹೋದದ್ದನ್ನು ರಾಜಾಸಾಬರೂ ನೋಡಿದರು. ಸಂಜೆ ಮಗಳನ್ನು ಎದುರು ಕೂರಿಸಿಕೊಂಡರು.

"ಬೇಟಾ, ಕೊಟ್ಟೂರಿಂದ ಯೂನುಸನ್ನ ಕರಸ್ತೀನಿ. ಮುಂದಿನ ಶುಕ್ರವಾರದಿಂದ ಅಂಗಡಿ ಅವನು ನೋಡ್ಕೊಳ್ಳಿ. ನೀ ಒಳಗಿದ್ದು ಟ್ಯೂಬಿಗೆ ತೇಪಿ ಹಚ್ಚು, ಸಾಕು."

ಯೂನುಸ ಅವಳ ಚಿಕ್ಕಪ್ಪನ ಮಗ. ಮೊಬೈಲ್ ರಿಪೇರಿ ಮಾಡುವವನು. ಟೈರಿಗೆ ಎಷ್ಟು ಗಾಳಿ ಅಂತ ಕೇಳಿದರೆ ತುಂಬೋವಷ್ಟು ಅನ್ನುವವನು.

"ಅಬ್ಬಾ, ಟೈರಿನ್ಯಾಗ ತಪ್ಪಿಲ್ಲ. ನಾ ಹಾಕಿದ್ರಾಗ ತಪ್ಪಿಲ್ಲ."

"ಮತ್ತ ಯಾಕ ಬಿದ್ಲು?"

ರಾಜಾಸಾಬರ ಕಣ್ಣಲ್ಲಿ ನೀರಿತ್ತು. "ನಾಳೆ ಯಾರಾರ ಸತ್ರ ಜನ ನಿನ್ನ ಹೆಸರು ಹಿಡಿದು ಬೈತಾರ. ನಾನು ಗಂಡಸು, ಬೈಸ್ಕೊಂಡು ಬದುಕಿದೆ. ನಿನಗ ಅದು ಬ್ಯಾಡ" ಅಂದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಹೆದರಿ ಅಳುವ ಅಪ್ಪನಿಗೆ ಯಾವ ಮಗಳು ಎದುರಾಡುತ್ತಾಳೆ? ಅವಳು ರಾತ್ರಿಯೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾಲ್ಕು ವರ್ಷ ಕೈಬೊಬ್ಬೆ ಬರಿಸಿಕೊಂಡು ಕಲಿತ ಕೆಲಸ, ಒಂದು ತಿರುವಿನಲ್ಲಿ ಜಾರಿ ಬಿದ್ದಿತ್ತು.

ಶನಿವಾರ ಬೆಳಗಿನ ಬಸ್ಸಿಗೆ ಅವಳು ಹೊಸಹಳ್ಳಿಗೆ ಹೋದಳು. ತಪ್ಪು ತನ್ನದೇ ಆದರೆ ತನ್ನ ಕಣ್ಣಲ್ಲೇ ನೋಡಬೇಕು, ಆಮೇಲೆ ಬೇಕಾದರೆ ಜೀವಮಾನವಿಡೀ ತೇಪೆ ಹಚ್ಚಿಕೊಂಡಿರುತ್ತೇನೆ ಅನ್ನುವ ಹಟ ಅವಳದು.

ಸೌಭಾಗ್ಯಳ ಅತ್ತೆ ಭರಮಮ್ಮ ಬಾಗಿಲಲ್ಲೇ ಸಿಕ್ಕಳು. ಎಪ್ಪತ್ತರ ಹತ್ತಿರದ ಗಟ್ಟಿ ಮುದುಕಿ; ಹಣೆಯ ತುಂಬ ಮೈಲಾರಲಿಂಗನ ಅರಿಶಿಣ ಭಂಡಾರ. ಬಂದವಳು ಯಾರೆಂದು ತಿಳಿದದ್ದೇ ಮುಖ ಬಿಗಿಯಿತು. ಆದರೂ ಕಾಲಿಗೆ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು, ಆಮೇಲೆ ಬೈದಳು. ಈ ಕಡೆಯ ಮರ್ಯಾದೆ ಹಾಗೆ: ಬೈಯುವುದಿದ್ದರೂ ಬಂದವರ ದಾಹ ಇಂಗಿಸಿ ಬೈಯಬೇಕು.

"ಎಂಥಾ ಟೈರು ಹಾಕಿದ್ಯವ್ವ ನನ್ನ ಸೊಸಿಗೆ? ಅಕಿ ನನ್ನ ಸೊಸಿ ಅಲ್ಲ, ನನ್ನ ಬಲಗೈ. ಬಲಗೈನಾ ಮುರದಿದ್ಯಲ್ಲ!"

"ಅತ್ತೀ, ಮುಂಗೈ ಉಳುಕೈತಿ ಅಷ್ಟಾ" ಅಂತ ಒಳಗಿನಿಂದ ಸೌಭಾಗ್ಯ ಕೂಗಿದಳು. ಕೈಗೆ ಪಟ್ಟಿ ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದಳು.

"ನೀ ಸುಮ್ನಿರು!"

ತಮನ್ನಾ ನೆಟ್ಟಗೆ ಚಪ್ಪರಕ್ಕೆ ಹೋದಳು. ಬೈಕು ಬಿದ್ದ ದಿನ ನಿಲ್ಲಿಸಿದ ಹಾಗೇ ನಿಂತಿತ್ತು. ಗಾಳಿ ಒತ್ತಿ ನೋಡಿದಳು, ಸರಿ ಇತ್ತು. ಬಾಣದ ದಿಕ್ಕು ಸರಿ. ಗಾಲಿ ತಿರುಗಿಸಿದಳು, ಅಲುಗಾಟವಿಲ್ಲ. ಆಮೇಲೆ ಮುಂದಿನ ಟೈರಿನ ಹತ್ತಿರ ಬಗ್ಗಿದವಳು ಹಾಗೇ ನಿಂತಳು. ಕೆಂಪಿರುವೆಯ ಸಾಲೊಂದು ನೆಲದಿಂದ ಟೈರಿಗೆ ಹತ್ತಿ, ಅಂಚಿನ ಗುಂಟ ಮೇಲೆ ಹೋಗುತ್ತಿತ್ತು.

ರಬ್ಬರು ತಿನ್ನುವ ಇರುವೆಯನ್ನು ಅವಳು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅಂಚಿನ ಮೇಲೆ ಬೆರಳಾಡಿಸಿದಳು. ಬೆರಳು ಜಾರಿತು. ಮೂಗಿಗೆ ಹಿಡಿದಳು. ಶೇಂಗಾ ಎಣ್ಣೆ.

ಅಷ್ಟರಲ್ಲಿ ಹಿಂದೆಯೇ ಬಂದಿದ್ದ ಭರಮಮ್ಮ ಮಾತು ಮುಂದುವರಿಸಿದ್ದಳು. "ಏನು ಕಡಿಮಿ ಮಾಡಿದ್ದೆ ಹೇಳು ನಾನು? ಹೊಸ ಗಾಲಿ, ಅಮಾಸಿ ದಿನ, ನಸುಕಿನ್ಯಾಗ ಎದ್ದು ಮಡಿ ಉಟ್ಟು ಪೂಜಿ ಮಾಡಿದೆ. ಗಾಣದಾಗ ಹಾಕಿಸಿದ ಎಣ್ಣಿ, ಮನಿ ಶೇಂಗಾದ್ದು, ಎರಡೂ ಗಾಲಿಗೆ ಕೈಯಾರ ತಿಕ್ಕಿ ಹಚ್ಚಿದೆ. ಎತ್ತಿನ ಕೋಡಿಗೆ ಹಚ್ಚಿದಂಗ. ಮಿರಿಮಿರಿ ಮಿಂಚತಿದ್ವು! ಅರಿಶಿಣ ಕುಂಕುಮ ಇಟ್ಟೆ, ಕಾಯಿ ಒಡದೆ, ನಿಂಬಿಹಣ್ಣು ಇಟ್ಟೆ. ನನ್ನ ಸೊಸಿಗೆ ಏನೂ ಆಗಬಾರ್ದು ಅಂತ ಮೈಲಾರಲಿಂಗಗ ಏಳುಕೋಟಿ ಅಂದೆ. ಆದ್ರೂ ಬಿದ್ಲಲ್ಲ!"

ತಮನ್ನಾಳಿಗೆ ಎಲ್ಲ ಕಣ್ಣಿಗೆ ಕಟ್ಟಿತು. ಮನೆಯಿಂದ ತಿರುವಿನವರೆಗೆ ನೆಟ್ಟನೆಯ ಮಣ್ಣಿನ ಓಣಿ. ನಡುಭಾಗದ ಎಣ್ಣೆ ಮಣ್ಣಿಗೆ ಒರೆಸಿಹೋಗಿದೆ, ಅಂಚಿನದು ಹಾಗೇ ಉಳಿದಿದೆ. ಸೌಭಾಗ್ಯ ಮೊದಲ ಸಲ ವಾಲಿದಾಗ ರಸ್ತೆಗೆ ತಾಗಿದ್ದು ರಬ್ಬರಲ್ಲ, ಎಣ್ಣೆ. ಟೈರು ಹೊಸದಾದ್ದರಿಂದ ಮಿಂಚುತ್ತಿದೆ ಅಂದುಕೊಂಡು ಅವಳೂ ಹೊರಟಿರಬೇಕು.

ಅಲ್ಲಾ! ಎಷ್ಟು ಹಗುರವಾಯಿತು ಎದೆ! ತಪ್ಪು ತನ್ನದಲ್ಲ. ಬಾಯಿ ತೆರೆದು ಒಂದು ಮಾತು ಹೇಳಿದರೆ ಸಾಕು, ಅಂಗಡಿ ಉಳಿಯಿತು, ಹೆಸರು ಉಳಿಯಿತು, ಹುಲುಗಣ್ಣನ ಬಾಯಿ ಮುಚ್ಚಿತು. ಮಾತು ತುಟಿವರೆಗೆ ಬಂತು. ಆಗ ಅವಳು ತಲೆ ಎತ್ತಿ ಭರಮಮ್ಮನನ್ನು ನೋಡಿದಳು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಒರೆಸಿಕೊಳ್ಳುತ್ತ, ಒಳಗೆ ಸೊಸೆಗೆ ಕೇಳದಂತೆ, "ಅಕಿಗೇನಾರ ಆಗಿದ್ರ ನಾ ಬದುಕ್ತಿರ್ಲಿಲ್ಲವ್ವ" ಅಂದಳು.

ಹೇಳುವುದು ಹೇಗೆ? ಅತ್ತೆಯೇ ಸೊಸೆಯನ್ನು ಬೀಳಿಸಿದಳಂತೆ ಅಂತ ಊರು ಆಡಿಕೊಳ್ಳಲು ಎಷ್ಟು ಹೊತ್ತು ಬೇಕು? ಈ ಮುದುಕಿ ಸಾಯುವವರೆಗೆ ಆ ಮಾತು ಹೊತ್ತು ತಿರುಗಬೇಕು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಲ್ಲದೆ, ತಾನಾದರೂ ಎಲ್ಲ ಕೇಳಿದ್ದಳೇ? ರಸ್ತೆ ಕೇಳಿದ್ದಳು, ಭಾರ ಕೇಳಿದ್ದಳು, ಮಳೆ ಕೇಳಿದ್ದಳು. ನಾಳೆ ಅಮಾವಾಸ್ಯೆ, ನಿಮ್ಮ ಮನೆಯಲ್ಲಿ ಗಾಡಿಗೆ ಪೂಜೆ ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಅಂತ ಕೇಳಿರಲಿಲ್ಲ. ಈ ಸೀಮೆಯಲ್ಲಿ ಟೈರು ಮಾರುವವಳಿಗೆ ಅದೂ ಗೊತ್ತಿರಬೇಕಿತ್ತು.

ತಮನ್ನಾ ಆ ಮಾತನ್ನು ನುಂಗಿದಳು.

"ಯಮ್ಮಾ, ಬಿಸಿನೀರು ಕೊಡ್ರಿ. ಒಂದಿಷ್ಟು ಬೂದಿ, ಅಂಟವಾಳಕಾಯಿ ಇದ್ರ ಅದೂ ಕೊಡ್ರಿ. ಟೈರು ಧೂಳಾಗ್ಯಾವ, ತೊಳೀತೀನಿ."

ಒಂದು ತಾಸು ಕೂತು ತಿಕ್ಕಿದಳು. ಭರಮಮ್ಮ ಚೊಂಬಿನಿಂದ ನೀರು ಹಾಕುತ್ತ ನಿಂತಳು. ಮೊದಮೊದಲು ಏನೋ ಗೊಣಗುತ್ತಿದ್ದವಳು ಬರುಬರುತ್ತ ಸುಮ್ಮನಾದಳು. ಅರಿಶಿಣದ ಬಣ್ಣದ ನೀರು ಜಿಡ್ಡು ಜಿಡ್ಡಾಗಿ ಮಣ್ಣಿಗೆ ಹರಿಯಿತು. ಮುದುಕಿಗೆ ಆಯಾಸವಾಗಿರಬೇಕು ಅಂದುಕೊಂಡಳು ತಮನ್ನಾ. ಎರಡನೇ ಸಲ, ಮೂರನೇ ಸಲ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಅಂಚಿನ ಮೇಲೆ ಹೆಬ್ಬೆರಳು ಒತ್ತಿ ಎಳೆದಳು. ಈಗ ಬೆರಳು ನಿಂತಿತು.

ಹೊರಡುವಾಗ ಸೌಭಾಗ್ಯಳಿಗೆ, "ಕೈ ನೆಟ್ಟಗಾದ ಮ್ಯಾಲ ಹೆದರದಂಗ ಹೊಡಿ. ಇನ್ನ ಜಾರಂಗಿಲ್ಲ" ಅಂದಳು.

"ಏನಾಗಿತ್ತು ಹೇಳು?"

"ಹೊಸ ಟೈರಿನ ಹೊಳಪು. ತೊಳದೀನಿ." ಅಷ್ಟು ಹೇಳಿ ಬಸ್ಸು ಹಿಡಿದಳು.

ಅಂಗಡಿಯಲ್ಲಿ ಅಪ್ಪ ಕಾಯುತ್ತಿದ್ದರು. "ಹೋಗಿ ನೋಡಿದ್ಯಾ? ಯಾಕ ಜಾರಿತಂತ?"

ಅಪ್ಪನಿಗಾದರೂ ಹೇಳಬಹುದಿತ್ತು. ಆದರೆ ಅಪ್ಪನ ಹೊಟ್ಟೆಯಲ್ಲಿ ಮಗಳ ಮಾನದ ಮಾತು ಒಂದು ಗಳಿಗೆಯೂ ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತು. ಸೊಂಟದ ನೋವು ಮರೆತು ಓಡಿಹೋಗಿ ಹುಲುಗಣ್ಣನ ಚಹದಂಗಡಿಯಲ್ಲಿ ಸಾರಿಬಿಡುತ್ತಾರೆ. ಮೇಲೆ ಜನ ನಂಬುತ್ತಾರೆಯೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಗುತ್ತಾರೆ.

"ಗೊತ್ತಾಗಲಿಲ್ಲ ಅಬ್ಬಾ."

"ಗೊತ್ತಿಲ್ಲ ಅನ್ನೋ ಮೇಸ್ತ್ರಿ ಕೈಗೆ ಯಾರೂ ಜೀವ ಕೊಡಂಗಿಲ್ಲ ಬೇಟಾ" ಅಂದರು ರಾಜಾಸಾಬರು. ಯೂನುಸನಿಗೆ ಫೋನು ಮಾಡಿ, ಶುಕ್ರವಾರ ತಪ್ಪಿಸಬೇಡ ಅಂತ ಹೇಳಿದರು. ಆ ಐದು ದಿನ ತಮನ್ನಾ ಒಳಗೆ ಕೂತು ಟ್ಯೂಬಿಗೆ ತೇಪೆ ಹಚ್ಚಿದಳು. ಹೇಳಿಬಿಡಬೇಕಿತ್ತು ಅಂತ ದಿನಕ್ಕೆ ಹತ್ತು ಸಲ ಅನ್ನಿಸಿತು. ಮುದುಕಿ ಕಣ್ಣೊರೆಸಿಕೊಂಡದ್ದು ಹತ್ತು ಸಲವೂ ನೆನಪಾಯಿತು.

ಶುಕ್ರವಾರ ನಮಾಜು ಮುಗಿಸಿ ಯೂನುಸ ಬಂದ. ಬೈಕಿನ ಹಿಂದೆ ಬಟ್ಟೆಯ ಗಂಟು ಕಟ್ಟಿದ್ದ, ಮುಖದಲ್ಲಿ ಮಾತ್ರ ಉತ್ಸಾಹವಿರಲಿಲ್ಲ. ರಾಜಾಸಾಬರು ಅವನಿಗೆ ಗಾಳಿ ತುಂಬುವ ಯಂತ್ರದ ಸ್ವಿಚ್ಚು ತೋರಿಸುತ್ತಿದ್ದರು. ಹುಲುಗಣ್ಣ ಹೊಸ ಯಜಮಾನನಿಗೆ ಚಹ ತಂದು, ಹಾಗೇ ಟೈರಿನ ಬಗ್ಗೆ ಎರಡು ಮಾತು ಶುರು ಮಾಡಿದ್ದ.

ಆಗ ಹೆದ್ದಾರಿಯಿಂದ ಗುಡುಗುಡು ಸದ್ದು ಮಾಡುತ್ತ ಸೌಭಾಗ್ಯಳ ಬೈಕು ಅಂಗಡಿಯತ್ತ ಹೊರಳಿತು. ಹಿಂದೆ ಔಷಧಿ ಪೆಟ್ಟಿಗೆಯ ಜಾಗದಲ್ಲಿ, ಸೊಸೆಯ ಸೊಂಟವನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಹೆಲ್ಮೆಟ್ಟಿನೊಳಗಿಂದ "ಏಳುಕೋಟಿ ಏಳುಕೋಟಿ" ಅನ್ನುತ್ತ ಭರಮಮ್ಮ ಕೂತಿದ್ದಳು. ಜೀವಮಾನದಲ್ಲಿ ಮೊದಲ ಸಲ ಬೈಕು ಹತ್ತಿದ್ದಳು. ಇಳಿಸಿಕೊಳ್ಳಲು ಇಬ್ಬರು ಬೇಕಾಯಿತು. ಇಳಿದು, ಹೆಲ್ಮೆಟ್ಟು ಸೊಸೆಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಗಂಡಸರ ಕಡೆ ತಿರುಗಿದಳು. 

"ಯಾರಲೇ ಅಂದಾಂವ, ಹೆಣ್ಣುಹುಡುಗಿ ಹಾಕಿದ ಟೈರಂತ?" ಅಂದಳು.

ಹುಲುಗಣ್ಣನ ಕೈಯಲ್ಲಿ ಚಹದ ತಟ್ಟೆ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತ.

"ಕೇಳ್ರಿ ಎಲ್ಲಾರೂ. ನನ್ನ ಸೊಸಿನ್ನ ಬೀಳಿಸಿದಾಕಿ ಈಕಿ ಅಲ್ಲ. ನಾನು. ಅಮಾಸಿ ಪೂಜಿಗೆ ಗಾಲಿಗೆ ಎಣ್ಣಿ ತಿಕ್ಕಿದಾಕಿ ನಾನು. ಎತ್ತಿಗೆ ಹಚ್ಚತೀವಿ, ಬಂಡಿಗೆ ಹಚ್ಚತೀವಿ, ಇದೂ ಗಾಲಿನಾ ಅಲ್ಲೇನು ಅಂದ್ಕೊಂಡೆ. ನನಗೇನು ಗೊತ್ತು!"

"ಬಿಡ್ರಿ ಯಮ್ಮಾ" ಅಂತ ತಮನ್ನಾ ಓಡಿಬಂದು ಅವಳ ಕೈ ಹಿಡಿದಳು.

"ಯಾಕ ಬಿಡ್ಲಿ? ನಿನಗ ಅವತ್ತಾ ತಿಳದಿತ್ತು. ಧೂಳು ತೊಳೀತೀನಿ ಅಂದಿ. ಐವತ್ತು ವರ್ಷ ಎಣ್ಣಿ ಗಡಿಗಿ ತಿಕ್ಕೀನಿ ನಾನು. ಧೂಳಿಗೆ ಯಾರವ್ವ ಬೂದಿ, ಅಂಟವಾಳ ಕೇಳ್ತಾರ? ನೀರು ಹಾಕ್ತಾ ಹಾಕ್ತಾ ನನಗ ತಿಳೀತು. ಆದ್ರ ಬಾಯಿ ಬರಲಿಲ್ಲ. ಮೂರು ದಿನ ನಿದ್ದಿ ಇಲ್ಲ. ನಾಕನೇ ದಿನ ಸೊಸಿ ಮುಂದ ಕೂತು ಹೇಳಿದೆ. ಅಕಿ ಏನು ಮಾಡಿದ್ಳು ಗೊತ್ತೇನು? ನಕ್ಕಳು! ಹೊಟ್ಟಿ ಹಿಡ್ಕೊಂಡು ನಕ್ಕಳು ಮೂಳಿ!"

ಸೌಭಾಗ್ಯ ಈಗಲೂ ನಗುತ್ತಿದ್ದಳು, ಕಣ್ಣಲ್ಲಿ ನೀರು ಇತ್ತು. "ಬರೋವಾಗ ಅದಾ ತಿರುವಿನ್ಯಾಗ ನಿಲ್ಲಿಸಂದ್ರು. ಮೂರು ಸುತ್ತು ಹೊಡಿ, ನಾ ಹಿಂದ ಕೂತಿರ್ತೀನಿ, ಬಿದ್ರ ಇಬ್ರೂ ಬೀಳೂಣು ಅಂದ್ರು. ಮೂರು ಸುತ್ತು ಹೊಡದೆ ತಮನ್ನಾ. ವಾಲಿಸೇ ಹೊಡದೆ. ಗೋಂದು ಹಚ್ಚಿದಂಗ ಹಿಡಿತು."

ಹುಲುಗಣ್ಣ ನಿಧಾನಕ್ಕೆ ಚಹದ ಗ್ಲಾಸನ್ನು ಯೂನುಸನಿಂದ ದೂರ ಸರಿಸಿ ಭರಮಮ್ಮನ ಕೈಗೆ ಕೊಟ್ಟ. "ಸಕ್ರಿ ಕಡಿಮಿ ಆಗೈತಿ" ಅಂತ ಅವಳು ಅವನಿಗೂ ಒಂದು ಮಾತು ಬಿಗಿದಳು.

ರಾಜಾಸಾಬರು ಮಗಳ ಕಡೆ ತಿರುಗಿದರು. "ನಿನಗ ಗೊತ್ತಿತ್ತಾ?"

ತಮನ್ನಾ ಹೌದೆಂದು ತಲೆ ಆಡಿಸಿದಳು.

"ಅಂಗಡಿ ಹೋಗ್ತೈತಿ ಅಂತ ಗೊತ್ತಿದ್ರೂ ಗೊತ್ತಿಲ್ಲ ಅಂದಿ?"

ಅವಳಿಗೆ ಅಳು ಬಂತು. ರಾಜಾಸಾಬರು ಗೋಡೆ ಹಿಡಿದು, ನಾಲ್ಕು ವರ್ಷದಿಂದ ಬಗ್ಗದ ಸೊಂಟವನ್ನು ಬಗ್ಗಿಸಿ, ಸೌಭಾಗ್ಯಳ ಬೈಕಿನ ಹಿಂದೆ ಕೂತರು. ಟೈರಿನ ಅಂಚಿನಲ್ಲಿ, ಆ ಮೂರು ಸುತ್ತಿನಲ್ಲಿ ರಸ್ತೆ ಉಜ್ಜಿದ ಹೊಸ ಗುರುತನ್ನು ನೋಡಿದರು. ಮುಂದಿನದನ್ನೂ ನೋಡಿದರು. ಏಳಲು ಮಗಳೇ ಕೈ ಕೊಡಬೇಕಾಯಿತು. ಎದ್ದವರು ಆ ಕೈ ಬಿಡದೆ ಯೂನುಸನನ್ನು ಕರೆದರು.

"ಯೂನುಸ, ನಿನ್ನ ಗಾಡಿ ಟೈರೂ ಬೋಳಾಗ್ಯಾವು. ಯಾವ್ದು ಹಾಕ್ಬೇಕು ಅಂತ ನಿಮ್ಮಕ್ಕನ್ನ ಕೇಳು. ಹಾಕಿಸ್ಕೊಂಡು, ಹೊತ್ತು ಮುಣುಗೋದ್ರಾಗ ಕೊಟ್ಟೂರು ಸೇರ್ಕೋ."

ಯೂನುಸ ಬಟ್ಟೆಯ ಗಂಟನ್ನು ಬಿಚ್ಚಿರಲೇ ಇಲ್ಲ. ಮುಖವರಳಿಸಿಕೊಂಡು ಬೈಕು ತಳ್ಳಿಕೊಂಡು ಬಂದು ತಮನ್ನಾಳ ಮುಂದೆ ನಿಲ್ಲಿಸಿದ.